2023ರ ವಿಶ್ವಕಪ್: ಮಧ್ಯದ ಮೂವತ್ತು ಓವರ್‌ಗಳಲ್ಲಿ ಯಾರ ಮೇಲೆ ಕಣ್ಣಿಡಬೇಕು?

ಗಂಗೋತ್ರಿಯ ಮೆಟ್ಟಿಲು
2023ರ ಸೆಪ್ಟೆಂಬರ್ 30, ಬೆಳಿಗ್ಗೆ 9.10

ಅಕ್ಟೋಬರ್ 5ರಂದು ಅಹಮದಾಬಾದಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ನಡುವಣ ಪಂದ್ಯದೊಂದಿಗೆ ವಿಶ್ವಕಪ್ ಆರಂಭವಾಗುತ್ತದೆ. ‘ಗಮನಿಸಬೇಕಾದ ಆಟಗಾರರು’ ಎಂಬ ಪಟ್ಟಿಗಳು ಈಗಾಗಲೇ ಎಲ್ಲೆಡೆ ಬಂದಿವೆ. ಕೊಹ್ಲಿ, ಬಾಬರ್, ರೂಟ್, ಸ್ಮಿತ್, ವಿಲಿಯಮ್ಸನ್ ಇಲ್ಲದ ಪಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರನ್ನು ನೋಡಿ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಾದ್ದರಿಂದ, ಇಲ್ಲಿ ಬೇರೊಂದು ಬಗೆಯಲ್ಲಿ ಚರ್ಚಿಸೋಣ ಎಂದು ಕೇಳಿಕೊಳ್ಳುತ್ತೇನೆ. ಒಬ್ಬರು ಒಂದೇ ಹೆಸರು ಹೇಳಬೇಕು, ಮತ್ತು ಆ ಆಟಗಾರ 11ರಿಂದ 40ನೆಯ ಓವರ್‌ವರೆಗಿನ ಆಟದಲ್ಲಿ ಏನು ಮಾಡಬಲ್ಲ ಎಂಬುದನ್ನು ವಿವರಿಸಬೇಕು.

ಈ ಮೂವತ್ತು ಓವರ್‌ಗಳನ್ನೇ ಏಕೆ ಹಿಡಿದುಕೊಂಡೆ ಎಂದು ಕೇಳಬಹುದು. 2011ರ ಅಕ್ಟೋಬರ್‌ನಿಂದೀಚೆಗೆ ಏಕದಿನ ಪಂದ್ಯದಲ್ಲಿ ಎರಡೂ ತುದಿಗಳಿಂದ ಬೇರೆ ಬೇರೆ ಹೊಸ ಚೆಂಡು ಬಳಸುತ್ತಾರೆ. ಇನಿಂಗ್ಸ್ ಮುಗಿಯುವ ಹೊತ್ತಿಗೂ ಯಾವ ಚೆಂಡೂ ಇಪ್ಪತ್ತೈದು ಓವರ್‌ಗಿಂತ ಹಳೆಯದಾಗಿರುವುದಿಲ್ಲ. ಹಳೆಯ ಚೆಂಡು ಗಾಳಿಯಲ್ಲಿ ಉಲ್ಟಾ ತಿರುಗುವ ರಿವರ್ಸ್ ಸ್ವಿಂಗ್ ಹೆಚ್ಚುಕಡಿಮೆ ಮಾಯವಾಗಿದೆ, ಚೆಂಡು ಮೆತ್ತಗಾಗುವುದಿಲ್ಲ, ಮೇಲಾಗಿ 40ನೆಯ ಓವರ್ ಮುಗಿಯುವವರೆಗೆ ವೃತ್ತದ ಹೊರಗೆ ನಾಲ್ವರೇ ಫೀಲ್ಡರ್‌ಗಳು. ಮಧ್ಯದಲ್ಲಿ ವಿಕೆಟ್ ಬೀಳದಿದ್ದರೆ ಕೊನೆಯ ಹತ್ತು ಓವರ್‌ಗಳಲ್ಲಿ ಬೌಲರ್ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹತ್ತು ಊರುಗಳು, ಹತ್ತು ಬಗೆಯ ಮಣ್ಣು. ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿ ಒಂಬತ್ತು ಪಂದ್ಯ. ಇಷ್ಟು ದೀರ್ಘವಾದ ಟೂರ್ನಿಯಲ್ಲಿ ತಂಡವನ್ನು ದಡ ಸೇರಿಸುವವರು ಈ ಮಧ್ಯದ ಆಟ ಬಲ್ಲವರೇ ಎಂಬುದು ನನ್ನ ನಂಬಿಕೆ.

ನನ್ನ ಹೆಸರು ದಕ್ಷಿಣ ಆಫ್ರಿಕಾದ ಹೆನ್ರಿಕ್ ಕ್ಲಾಸೆನ್. ಸೆಪ್ಟೆಂಬರ್ 15ರಂದು ಸೆಂಚೂರಿಯನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 83 ಎಸೆತಗಳಲ್ಲಿ 174 ರನ್ ಹೊಡೆದ ಆಟವನ್ನು ಎಲ್ಲರೂ ನೋಡಿರುತ್ತೀರಿ. ಹದಿಮೂರು ಬೌಂಡರಿ, ಹದಿಮೂರು ಸಿಕ್ಸರ್. ಆದರೆ ಅವರ ಹೆಸರನ್ನು ನಾನು ಹೇಳುತ್ತಿರುವುದು ಆ ಸಂಖ್ಯೆಗಾಗಿ ಅಲ್ಲ. ಸ್ಪಿನ್ನರ್ ಬಂದಾಗ ಹೆಚ್ಚಿನ ವಿದೇಶಿ ಬ್ಯಾಟರ್‌ಗಳು ಮುಂದಕ್ಕೆ ಓಡಿಬರಲು ನೋಡುತ್ತಾರೆ, ಇಲ್ಲವೇ ಸ್ವೀಪ್‌ಗೆ ಮೊರೆಹೋಗುತ್ತಾರೆ. ಕ್ಲಾಸೆನ್ ಕ್ರೀಸಿನ ಆಳದಲ್ಲಿಯೇ ನಿಂತು, ಚೆಂಡು ತಮ್ಮ ಬಳಿ ಬರುವವರೆಗೆ ಕಾದು, ನೇರ ಬ್ಯಾಟಿನಿಂದ ಹೊಡೆಯುತ್ತಾರೆ. ಇದರಿಂದ ಬೌಲರ್‌ಗೆ ಒಳ್ಳೆಯ ಲೆಂಗ್ತ್ (ಚೆಂಡು ನೆಲಕ್ಕೆ ಬೀಳಿಸುವ ಜಾಗ) ಎಂಬುದೇ ಇಲ್ಲದಂತಾಗುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ನಮ್ಮ ಆರ್‌ಸಿಬಿ ವಿರುದ್ಧ ಅವರು ಶತಕ ಹೊಡೆದ ಸಂಜೆ ಇದನ್ನೇ ನೋಡಿದ್ದೆವು. ಅಂದು ಕೊಹ್ಲಿಯ ಶತಕದ ಗದ್ದಲದಲ್ಲಿ ಕ್ಲಾಸೆನ್ ಮರೆತುಹೋದರು, ಅಷ್ಟೇ.


ಸ್ಕೋರ್‌ಬುಕ್ ಶಾನುಭೋಗ
ಸೆಪ್ಟೆಂಬರ್ 30, ಬೆಳಿಗ್ಗೆ 10.45

ಗಂಗೋತ್ರಿಯವರ ಷರತ್ತನ್ನು ಒಪ್ಪುತ್ತೇನೆ, ಹೆಸರನ್ನು ಒಪ್ಪಲಾರೆ. ಸೆಂಚೂರಿಯನ್ ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲಿರುವ, ಚೆಂಡು ಬ್ಯಾಟಿಗೆ ಸಲೀಸಾಗಿ ಬರುವ ಮೈದಾನ. ಅಲ್ಲಿನ ಇನಿಂಗ್ಸನ್ನು ಲಖನೌ ಅಥವಾ ಚೆನ್ನೈನ ನಿಧಾನಗತಿಯ ಪಿಚ್‌ಗೆ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ಜೊತೆಗೆ, ಮಧ್ಯದ ಓವರ್‌ಗಳ ಬ್ಯಾಟರ್ ಎಂದೊಡನೆ ನಾಲ್ಕು ಅಥವಾ ಐದನೆಯ ಕ್ರಮಾಂಕದವರನ್ನೇ ಹುಡುಕಬೇಕಾಗಿಲ್ಲ. ಆರಂಭಿಕನಾಗಿ ಬಂದು ನಲವತ್ತನೆಯ ಓವರ್‌ವರೆಗೆ ನಿಲ್ಲುವವನಿಗಿಂತ ದೊಡ್ಡ ಮಧ್ಯಮ ಓವರ್ ಬ್ಯಾಟರ್ ಬೇರೆ ಯಾರಿದ್ದಾರೆ?

ನನ್ನ ಹೆಸರು ಶುಭಮನ್ ಗಿಲ್. ಜನವರಿಯಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 149 ಎಸೆತಗಳಲ್ಲಿ 208. ಕಳೆದ ಭಾನುವಾರ ಇಂದೋರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬಂದದ್ದು ಈ ವರ್ಷದ ಐದನೆಯ ಏಕದಿನ ಶತಕ. 19 ಇನಿಂಗ್ಸ್‌ಗಳಲ್ಲಿ ಸಾವಿರ ರನ್ ಮುಟ್ಟಿದ್ದು ಭಾರತೀಯರ ಮಟ್ಟಿಗೆ ಅತಿ ವೇಗದ ಸಾಧನೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಏಷ್ಯಾ ಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧದ 121. ಕೊಲಂಬೊದ ತಿರುವಿನ ಪಿಚ್‌ನಲ್ಲಿ 266ರ ಗುರಿ ಬೆನ್ನಟ್ಟುವಾಗ ಸುತ್ತಲಿದ್ದವರು ಒಬ್ಬೊಬ್ಬರಾಗಿ ಪೆವಿಲಿಯನ್ ದಾರಿ ಹಿಡಿದಾಗ, ಆತ ಸ್ಪಿನ್ನರ್‌ಗಳನ್ನು ಒಂಟಿ ರನ್ನುಗಳಲ್ಲಿ ದುಡಿಸಿಕೊಂಡ ರೀತಿ ಇದೆಯಲ್ಲ, ಅದು ಅಂಕಿಗಳಲ್ಲಿ ಕಾಣುವುದಿಲ್ಲ. ಭಾರತ ಅಂದು ಆರು ರನ್‌ಗಳಿಂದ ಸೋತಿತು, ಸೋತದ್ದಕ್ಕೆ ಕಾರಣ ಆತನಲ್ಲ.

ಕುಂದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವೇ ಹೇಳುತ್ತೀರಿ. ಪಲ್ಲೆಕೆಲೆಯಲ್ಲಿ ಪಾಕಿಸ್ತಾನದ ವೇಗಿಗಳ ಎದುರು 32 ಎಸೆತ ಆಡಿ ಹತ್ತೇ ರನ್ ಮಾಡಿ ಬೌಲ್ಡ್ ಆದದ್ದು ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದೆ.


ಕಡಲ ಬದಿಯ ಕೀಪರ್
ಸೆಪ್ಟೆಂಬರ್ 30, ಮಧ್ಯಾಹ್ನ 1.20

ನಾನು ಮಂಗಳೂರಿನವನು. ನಮ್ಮೂರಿನಲ್ಲಿ ಬೆಳೆದ ಹುಡುಗ ಎಂಬ ಕಾರಣಕ್ಕೆ ಕೆ.ಎಲ್. ರಾಹುಲ್ ಹೆಸರು ಹೇಳುತ್ತಿದ್ದೇನೆ ಎಂದು ಶಾನುಭೋಗರು ಅನುಮಾನಿಸದಿರಲಿ. ಮೇ ತಿಂಗಳಲ್ಲಿ ತೊಡೆಯ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಾಲ್ಕು ತಿಂಗಳು ಮೈದಾನದಿಂದ ಹೊರಗಿದ್ದ ಆಟಗಾರ, ಸೆಪ್ಟೆಂಬರ್ 10ರಂದು ಶ್ರೇಯಸ್ ಅಯ್ಯರ್‌ಗೆ ಬೆನ್ನು ಹಿಡಿದುಕೊಂಡ ಕಾರಣ ಟಾಸ್‌ಗೆ ಸ್ವಲ್ಪ ಮುಂಚೆ ತಂಡಕ್ಕೆ ಸೇರಿ, ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಹೊಡೆದರು. ಮಳೆಯಿಂದ ಮರುದಿನಕ್ಕೆ ಹೋದ ಆ ಪಂದ್ಯದಲ್ಲಿ ಕೊಹ್ಲಿಯೊಂದಿಗೆ 233 ರನ್‌ಗಳ ಮುರಿಯದ ಜತೆಯಾಟವಾಡಿ, ಅದೇ ದೇಹದಲ್ಲಿ ಮತ್ತೆ ವಿಕೆಟ್ ಹಿಂದೆ ಕುಳಿತು ಕೀಪಿಂಗ್ ಮಾಡಿದರು. ನಾನೂ ಕ್ಲಬ್ ಮಟ್ಟದಲ್ಲಿ ಕೀಪರ್ ಆಗಿದ್ದವನು; ತೊಡೆಯ ನೋವು ಕಂಡವನಿಗೆ ಪ್ರತಿ ಎಸೆತಕ್ಕೂ ಕೂತು ಏಳುವುದು ಎಂದರೇನು ಎಂಬುದು ಗೊತ್ತು.

ರಾಹುಲ್ ವಿಷಯದಲ್ಲಿ ನಮ್ಮ ಜನ ಆಡುವ ಮಾತು ಒಂದೇ: ನಿಧಾನ. ಜನವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ವಿರುದ್ಧ ಸಣ್ಣ ಗುರಿ ಬೆನ್ನಟ್ಟುತ್ತಾ ವಿಕೆಟ್‌ಗಳು ಉರುಳಿದಾಗ 103 ಎಸೆತಗಳಲ್ಲಿ ಅಜೇಯ 64 ಹೊಡೆದರಲ್ಲ, ಅದು ನಿಧಾನವೇ ಹೌದು, ಅಂದು ಬೇಕಾಗಿದ್ದುದೂ ಅದೇ. ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ಆಸ್ಟ್ರೇಲಿಯಾ ವಿರುದ್ಧ 39 ರನ್ನಿಗೆ ನಾಲ್ಕು ವಿಕೆಟ್ ಹೋದ ಮೇಲೆ ಅಜೇಯ 75 ಹೊಡೆದು, ಜಡೇಜ ಜೊತೆಗೂಡಿ ಗೆಲ್ಲಿಸಿದರು. ಭಾರತದ ಮೊದಲ ಮೂವರು ಬೇಗ ಔಟಾದರೆ ಏನು ಗತಿ ಎಂಬ ಪ್ರಶ್ನೆಗೆ ಉತ್ತರವಾಗಿ ಈ ತಂಡದಲ್ಲಿರುವವರು ಇವರೇ. 2019ರ ಸೆಮಿಫೈನಲ್‌ನಲ್ಲಿ ಆ ಮೂವರೂ ಒಂದೊಂದು ರನ್ನಿಗೆ ಔಟಾದದ್ದು ಯಾರಿಗೂ ಮರೆತಿರಲಿಕ್ಕಿಲ್ಲ. ಆ ಮೂವರಲ್ಲಿ ಒಬ್ಬರು ರಾಹುಲ್ ಎಂಬುದನ್ನೂ ನಾನು ಮರೆತಿಲ್ಲ.


ವೆಲ್ಲಿಂಗ್ಟನ್ ಗಾಳಿ
ಸೆಪ್ಟೆಂಬರ್ 30, ಸಂಜೆ 4.05

ಇಲ್ಲಿ ಈಗ ಮಧ್ಯರಾತ್ರಿಯ ಹತ್ತಿರ. ಆದರೂ ಬರೆಯದೆ ಮಲಗಲಾಗಲಿಲ್ಲ, ಏಕೆಂದರೆ ನಿನ್ನೆ ಹೈದರಾಬಾದಿನ ಅಭ್ಯಾಸ ಪಂದ್ಯದಲ್ಲಿ ರಚಿನ್ ರವೀಂದ್ರ 72 ಎಸೆತಗಳಲ್ಲಿ 97 ರನ್ ಹೊಡೆದ ಸುದ್ದಿ ನಿಮ್ಮಲ್ಲಿ ಒಬ್ಬರೂ ಎತ್ತಿಲ್ಲ. ಪ್ರೇಕ್ಷಕರಿಗೆ ಪ್ರವೇಶವಿಲ್ಲದೆ, ಖಾಲಿ ಕ್ರೀಡಾಂಗಣದಲ್ಲಿ ನಡೆದ ಪಂದ್ಯ ಅದು; ಅದಕ್ಕೇ ಸದ್ದು ಕೇಳಿಸಿಲ್ಲವೇನೋ. ಪಾಕಿಸ್ತಾನ ಕೊಟ್ಟ 346ರ ಗುರಿಯನ್ನು ನ್ಯೂಜಿಲೆಂಡ್ ಮುಟ್ಟಿತು, ಮತ್ತು ರಚಿನ್ ಆಡಿದ್ದು ಆರಂಭಿಕನಾಗಿ.

ರಚಿನ್ ಹುಟ್ಟಿದ್ದು ವೆಲ್ಲಿಂಗ್ಟನ್‌ನಲ್ಲಿ, 1999ರ ನವೆಂಬರ್‌ನಲ್ಲಿ. ತಂದೆ ತಾಯಿ ಬೆಂಗಳೂರಿನಿಂದ ಬಂದವರು. ರಾಹುಲ್ ಮತ್ತು ಸಚಿನ್ ಎಂಬ ಎರಡು ಹೆಸರು ಸೇರಿ ರಚಿನ್ ಆಯಿತು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ; ಅದನ್ನು ಪಕ್ಕಕ್ಕಿಡೋಣ. ತಿಳಿಯಬೇಕಾದದ್ದು ಬೇರೆ ಇದೆ. ಇಲ್ಲಿ ಆ ತಂದೆ ಕಟ್ಟಿದ ಹಟ್ ಹಾಕ್ಸ್ ಎಂಬ ಕ್ಲಬ್ಬಿನ ಹುಡುಗರು ಭಾರತಕ್ಕೆ ಬಂದು ಅನಂತಪುರದ ಮೈದಾನಗಳಲ್ಲಿ ಪಂದ್ಯಗಳನ್ನಾಡುತ್ತಿದ್ದರು. ಗಾಳಿ ಬೀಸುವ, ಹಸಿರು ಪಿಚ್‌ಗಳ ಊರಿನಲ್ಲಿ ಬೆಳೆದ ಎಡಗೈ ಬ್ಯಾಟರ್‌ಗೆ ರಾಯಲಸೀಮೆಯ ಒಣ ಮಣ್ಣಿನಲ್ಲಿ ಚೆಂಡು ಹೇಗೆ ನಿಂತು ಬರುತ್ತದೆ ಎಂಬ ಪಾಠ ಆ ವಯಸ್ಸಿನಲ್ಲಿಯೇ ಆಗಿದೆ. 2021ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟ್‌ನ ಕೊನೆಯ ಸಂಜೆ, ಅಶ್ವಿನ್, ಜಡೇಜ, ಅಕ್ಷರ್ ಮೂವರನ್ನೂ ಎದುರಿಸಿ 91 ಎಸೆತ ನಿಂತು ಪಂದ್ಯ ಉಳಿಸಿದ್ದು ಇದೇ ಹುಡುಗ. ಅಂದು ಗಳಿಸಿದ್ದು ಹದಿನೆಂಟು ರನ್.

ಏಕದಿನ ಕ್ರಿಕೆಟ್‌ಗೆ ಆತ ಬಂದದ್ದು ಈ ವರ್ಷದ ಮಾರ್ಚ್‌ನಲ್ಲಿ. ಮೈಕಲ್ ಬ್ರೇಸ್‌ವೆಲ್ ಹಿಮ್ಮಡಿಯ ನರದ ಗಾಯದಿಂದ ಹೊರಬಿದ್ದಿರದಿದ್ದರೆ ಬಹುಶಃ ಈ ಹದಿನೈದರಲ್ಲಿ ಜಾಗವೇ ಸಿಗುತ್ತಿರಲಿಲ್ಲ. ಎರಡು ವಾರದ ಹಿಂದೆ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಾಲ್ಕು ವಿಕೆಟ್ ಪಡೆದು, ಅನಂತರ ಸೋಲುವ ತಂಡದ ಪರ ಅರ್ಧಶತಕ ಹೊಡೆದರು. ವಿಲಿಯಮ್ಸನ್ ಮೊದಲ ಪಂದ್ಯ ಆಡುವುದಿಲ್ಲ ಎಂದು ತಂಡ ತಿಳಿಸಿದೆ. ಜಾಗ ಖಾಲಿ ಇದೆ. ನವೆಂಬರ್ 4 ಮತ್ತು 9ರಂದು ನ್ಯೂಜಿಲೆಂಡ್ ಚಿನ್ನಸ್ವಾಮಿಯಲ್ಲಿ ಆಡುತ್ತದೆ. ಆ ಹೊತ್ತಿಗೆ ಆತ ತಂಡದಲ್ಲಿ ಉಳಿದಿದ್ದರೆ, ಎದುರು ತಂಡದವನಾದರೂ ನಮ್ಮ ಜನ ಚಪ್ಪಾಳೆ ತಟ್ಟುತ್ತಾರೋ ಇಲ್ಲವೋ ಎಂಬ ಕುತೂಹಲ ನನಗಿದೆ.


ಸ್ಕೋರ್‌ಬುಕ್ ಶಾನುಭೋಗ
ಸೆಪ್ಟೆಂಬರ್ 30, ಸಂಜೆ 5.30

ಗಾಳಿಯವರೇ, ಅಭ್ಯಾಸ ಪಂದ್ಯದ ರನ್ನನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಅದರ ಮೇಲೆ ಶಾಯಿ ತಿದ್ದುವ ಕೆಲಸ ರಚಿನ್ ಅವರದು.


ಬೆಳಗಾವಿಯ ಎಡಗೈ
ಸೆಪ್ಟೆಂಬರ್ 30, ರಾತ್ರಿ 9.15

ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ಎಲ್ಲರೂ ಬ್ಯಾಟರ್‌ಗಳ ಹೆಸರನ್ನೇ ಹೇಳಿದ್ದೀರಿ. ಮಧ್ಯದ ಓವರ್‌ಗಳಲ್ಲಿ ವಿಕೆಟ್ ಬೀಳದಿದ್ದರೆ ಪಂದ್ಯ ಕೈಬಿಟ್ಟಂತೆ ಎಂದು ಗಂಗೋತ್ರಿಯವರು ತಾವೇ ಬರೆದು, ತಾವೇ ಬ್ಯಾಟರ್ ಹೆಸರು ಹೇಳಿದ್ದು ಸೋಜಿಗವಾಗಿದೆ. ಇಪ್ಪತ್ತು ವರ್ಷ ಕ್ಲಬ್ ಕ್ರಿಕೆಟ್‌ನಲ್ಲಿ ಎಡಗೈ ಸ್ಪಿನ್ ಹಾಕಿ ಬೆರಳು ಸವೆಸಿಕೊಂಡವನ ಕೋರಿಕೆ ಇದು: ಭಾರತದ ಕುಲದೀಪ್ ಯಾದವ್ ಬೌಲ್ ಮಾಡಲು ಓಡಿಬರುವ ಬಗೆಯನ್ನು ಗಮನಿಸಿ ನೋಡಿ.

ಹಳೆಯ ಕುಲದೀಪ್ ಓರೆಯಾಗಿ ಬಂದು, ಚೆಂಡನ್ನು ಗಾಳಿಯಲ್ಲಿ ತೇಲಿಸಿ ಬಿಡುತ್ತಿದ್ದರು. ಮೊದಲ ಎರಡು ವರ್ಷ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಬ್ಯಾಟರ್‌ಗಳು ಒಂದು ಉಪಾಯ ಕಂಡುಕೊಂಡರು. ಕೈಯಿಂದ ಓದಲಾಗದಿದ್ದರೂ ಚಿಂತೆಯಿಲ್ಲ, ಹಿಂಗಾಲಿಗೆ ಹೋಗಿ ಪಿಚ್ ಆದ ಮೇಲೆ ಓದಿದರಾಯಿತು; ಅಷ್ಟು ಸಮಯ ಆ ವೇಗದಲ್ಲಿ ಸಿಗುತ್ತಿತ್ತು. 2019ರ ಸೆಮಿಫೈನಲ್ ಹೊತ್ತಿಗೆ ಅವರು ಆಡುವ ಬಳಗದಿಂದ ಹೊರಗಿದ್ದರು. 2021ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದ ಕುಲದೀಪ್ ನೇರವಾಗಿ ಓಡಿ ಬರುತ್ತಾರೆ, ದೇಹದ ಬಲವೆಲ್ಲ ಬ್ಯಾಟರ್ ಕಡೆಗೇ ಹರಿಯುತ್ತದೆ, ಚೆಂಡಿನ ವೇಗ ಹೆಚ್ಚಿದೆ, ಆದರೆ ತಿರುವು ಕಡಿಮೆಯಾಗಿಲ್ಲ. ಈ ಕೊನೆಯ ಮಾತು ನನ್ನಂಥವರಿಗೆ ನಂಬಲು ಕಷ್ಟ. ವೇಗ ಕೂಡಿಸಿದರೆ ತಿರುವು ಕಳೆಯುತ್ತದೆ ಎಂಬುದು ನಾವೆಲ್ಲ ಕೈಯಾರೆ ಅನುಭವಿಸಿದ ಲೆಕ್ಕ. ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ 25 ರನ್ನಿಗೆ ಐದು, ಮರುದಿನವೇ ಶ್ರೀಲಂಕಾ ವಿರುದ್ಧ 43 ರನ್ನಿಗೆ ನಾಲ್ಕು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಎಡಗೈ ಮಣಿಕಟ್ಟಿನ ಸ್ಪಿನ್ನರ್‌ಗಳು ಈ ವಿಶ್ವಕಪ್‌ನಲ್ಲಿ ಬೆರಳೆಣಿಕೆಯಷ್ಟೇ. ದಕ್ಷಿಣ ಆಫ್ರಿಕಾದ ತಬ್ರೇಜ್ ಶಮ್ಸಿ, ಅಫ್ಗಾನಿಸ್ತಾನದ ನೂರ್ ಅಹ್ಮದ್ ಇದ್ದಾರೆ. ನೆಟ್ಸ್‌ನಲ್ಲಿ ಅಂಥ ಬೌಲರ್ ಸಿಗದೆ ಅಭ್ಯಾಸ ಮಾಡುವುದು ಹೇಗೆ ಎಂಬುದೇ ಎದುರಾಳಿಗಳಿಗೆ ತಲೆನೋವು.

ಇನ್ನೊಂದು ಮಾತು. ಕ್ಲಾಸೆನ್ ಆಟದ ವರ್ಣನೆಯಲ್ಲಿ ಆಸ್ಟ್ರೇಲಿಯಾದ ಸ್ಪಿನ್ನರ್ ಆ್ಯಡಂ ಜಂಪಾ ಅವರ ಹೆಸರು ಎತ್ತದೆ ಗಂಗೋತ್ರಿಯವರು ದೊಡ್ಡತನ ತೋರಿದ್ದಾರೆ. ಅಂದು ಹತ್ತು ಓವರ್, 113 ರನ್, ಒಂದೂ ವಿಕೆಟ್ ಇಲ್ಲ. ಏಕದಿನ ಕ್ರಿಕೆಟ್‌ನಲ್ಲಿ ಅಂದಿನವರೆಗೆ ಅತಿ ಹೆಚ್ಚು ರನ್ ಕೊಟ್ಟ ದಾಖಲೆಗೆ ಸಮ. ಆದರೆ ಅದೇ ಜಂಪಾ ಮಾರ್ಚ್ 22ರಂದು ಚೆನ್ನೈನ ಚೆಪಾಕ್‌ನಲ್ಲಿ 45 ರನ್ನಿಗೆ ನಾಲ್ಕು ವಿಕೆಟ್ ಪಡೆದು ಭಾರತದಿಂದ ಸರಣಿ ಕಸಿದುಕೊಂಡಿದ್ದರು. ಅಕ್ಟೋಬರ್ 8ರಂದು ಭಾರತ ಆಸ್ಟ್ರೇಲಿಯಾವನ್ನು ಎದುರಿಸುವುದು ಅದೇ ಚೆಪಾಕ್‌ನಲ್ಲಿ. ಒಂದು ದಿನದ ಪೆಟ್ಟಿನಿಂದ ಸ್ಪಿನ್ನರ್‌ನನ್ನು ಅಳೆಯಬಾರದು. 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ರಶೀದ್ ಖಾನ್ ಒಂಬತ್ತು ಓವರ್‌ಗಳಲ್ಲಿ 110 ಕೊಟ್ಟರು. ಇಂದಿಗೂ ಅವರ ಎದುರು ಯಾವ ಬ್ಯಾಟರೂ ನಿರಾಳವಾಗಿ ನಿಲ್ಲುವುದಿಲ್ಲ.


ಗಂಗೋತ್ರಿಯ ಮೆಟ್ಟಿಲು
ಅಕ್ಟೋಬರ್ 1, ಬೆಳಿಗ್ಗೆ 8.30

ಎಡಗೈಯವರ ಆಕ್ಷೇಪಣೆ ನ್ಯಾಯವಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮಣಿಕಟ್ಟಿನ ಸ್ಪಿನ್ನರ್‌ಗೆ ಸಂಜೆಯ ಇಬ್ಬನಿಯಲ್ಲಿ ಒದ್ದೆ ಚೆಂಡು ಕೈಗೆ ಬಂದರೆ ಈ ಓಟ, ಈ ವೇಗ ಎಲ್ಲವೂ ಅಷ್ಟೇ ಕೆಲಸ ಮಾಡುತ್ತವೆಯೇ ಎಂಬ ಸಂದೇಹ ನನಗೆ ಉಳಿದಿದೆ. ಮಧ್ಯಾಹ್ನ ಎರಡಕ್ಕೆ ಆರಂಭವಾಗುವ ಪಂದ್ಯದಲ್ಲಿ ಎರಡನೆಯ ಇನಿಂಗ್ಸ್‌ನ ಮಧ್ಯದ ಓವರ್‌ಗಳು ಬರುವುದೇ ದೀಪದ ಬೆಳಕಿನಲ್ಲಿ.


ಬೆಳಗಾವಿಯ ಎಡಗೈ
ಅಕ್ಟೋಬರ್ 1, ಬೆಳಿಗ್ಗೆ 9.00

ಇಬ್ಬನಿ ಬೆರಳಿನ ಸ್ಪಿನ್ನರ್‌ಗೆ ಕೊಡುವಷ್ಟು ಕಾಟ ಮಣಿಕಟ್ಟಿನವನಿಗೆ ಕೊಡುವುದಿಲ್ಲ ಎಂಬುದು ನನ್ನ ಅನುಭವ. ಚೆಂಡು ಕೈ ಜಾರುತ್ತದೆ, ನಿಜ. ಆದರೆ ಮೇಲಿನಿಂದ ಮಣಿಕಟ್ಟು ಮುರಿದು ಹಾಕುವವನಿಗೆ ಸೀಮಿನ ಹಿಡಿತವೊಂದನ್ನೇ ನಂಬಿ ಕೂರಬೇಕಾಗಿಲ್ಲ.


ಮಲೆನಾಡಿನ ಮಳೆ
ಅಕ್ಟೋಬರ್ 1, ಮಧ್ಯಾಹ್ನ 12.40

ನಿನ್ನೆ ಗುವಾಹಟಿಯಲ್ಲಿ ಭಾರತ–ಇಂಗ್ಲೆಂಡ್ ಅಭ್ಯಾಸ ಪಂದ್ಯ ಮಳೆಗೆ ಹೋಯಿತು. ನನ್ನ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ತಿಳಿಸುತ್ತೇನೆ.

ಸೆಂಚೂರಿಯನ್‌ನ ಆ ಒಂದೇ ಪಂದ್ಯದಿಂದ ಕ್ಲಾಸೆನ್, ಜಂಪಾ ಎಂಬ ಎರಡು ಹೆಸರು ಇಲ್ಲಿ ಬಂದಿವೆ. ಮೂರನೆಯದು ನನ್ನದು. ಆಸ್ಟ್ರೇಲಿಯಾ ಗುರಿ ಬೆನ್ನಟ್ಟುವಾಗ ಜೆರಾಲ್ಡ್ ಕೋಟ್ಜಿಯ ಎಸೆತ ಟ್ರಾವಿಸ್ ಹೆಡ್ ಅವರ ಎಡಗೈಗೆ ಬಡಿದು ಮೂಳೆ ಮುರಿಯಿತು. ಆದರೂ ಮೊನ್ನೆ 28ರಂದು ಅಂತಿಮಗೊಳಿಸಿದ ಹದಿನೈದರಲ್ಲಿ ಅವರ ಹೆಸರನ್ನು ಉಳಿಸಿಕೊಂಡಿದ್ದಾರೆ. ಟೂರ್ನಿಯ ಮೊದಲರ್ಧ ಆಡಲಾಗದ ಬ್ಯಾಟರ್‌ಗಾಗಿ ಒಂದು ಜಾಗ ಕಾದಿರಿಸಿ, ಆ್ಯಷ್ಟನ್ ಏಗರ್ ಗಾಯಗೊಂಡು ಹೋದಲ್ಲಿಗೆ ಮತ್ತೊಬ್ಬ ಸ್ಪಿನ್ನರ್ ಬದಲು ಬ್ಯಾಟರ್ ಲಾಬುಶೇನ್ ಅವರನ್ನು ಕರೆದಿದ್ದಾರೆ. ಹೊರನೋಟಕ್ಕೆ ಇದು ಹುಚ್ಚುತನ.

ನನಗೆ ಹಾಗೆ ಅನ್ನಿಸುವುದಿಲ್ಲ. ಜೂನ್‌ನಲ್ಲಿ ಓವಲ್‌ನಲ್ಲಿ ಭಾರತದ ವಿರುದ್ಧದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನ ಮೊದಲ ದಿನ ಹೆಡ್ ಕ್ರೀಸಿಗೆ ಬಂದಾಗ ಪಂದ್ಯ ಸಮಬಲದಲ್ಲಿತ್ತು, ಅವರು 163ಕ್ಕೆ ಔಟಾದಾಗ ನಮ್ಮ ಕೈಮೀರಿತ್ತು. ಮಾರ್ಚ್‌ನಲ್ಲಿ ವಿಶಾಖಪಟ್ಟಣದಲ್ಲಿ ಭಾರತದ 117ನ್ನು ಹೆಡ್ ಮತ್ತು ಮಿಚೆಲ್ ಮಾರ್ಷ್ ಹನ್ನೊಂದು ಓವರ್‌ಗಳಲ್ಲಿ ಮುಗಿಸಿದರು. ಹತ್ತು ಓವರ್‌ಗಳಲ್ಲಿ ತೊಂಬತ್ತು ರನ್ ಬಂದುಬಿಟ್ಟರೆ ಗಂಗೋತ್ರಿಯವರ ಮೂವತ್ತು ಓವರ್‌ಗಳ ಸ್ವರೂಪವೇ ಬೇರೆಯಾಗುತ್ತದೆ. ಎದುರು ತಂಡದ ನಾಯಕ ಸ್ಪಿನ್ನರ್‌ಗಳನ್ನು ವಿಕೆಟ್‌ಗಾಗಿ ಅಲ್ಲ, ರನ್ ತಡೆಯಲೆಂದು ಬಳಸತೊಡಗುತ್ತಾನೆ. ಹೀಗೆ ಮಧ್ಯದ ಆಟವನ್ನು ಮೊದಲೇ ಬರೆದಿಡುವ ಆಟಗಾರನಿಗಾಗಿ ಐದಾರು ಪಂದ್ಯ ಕಾಯುವುದು ದುಬಾರಿಯೇನಲ್ಲ.


ಸ್ಕೋರ್‌ಬುಕ್ ಶಾನುಭೋಗ
ಅಕ್ಟೋಬರ್ 1, ಮಧ್ಯಾಹ್ನ 2.10

ಮಳೆಯವರ ವಾದ ಚಂದವಾಗಿದೆ, ಲೆಕ್ಕ ಚಂದವಾಗಿಲ್ಲ. ಆಸ್ಟ್ರೇಲಿಯಾದ ಮೊದಲ ನಾಲ್ಕು ಪಂದ್ಯಗಳನ್ನು ನೋಡಿ: ಚೆನ್ನೈನಲ್ಲಿ ಭಾರತ, ಲಖನೌದಲ್ಲಿ ದಕ್ಷಿಣ ಆಫ್ರಿಕಾ, ಅಲ್ಲಿಯೇ ಶ್ರೀಲಂಕಾ, ಆಮೇಲೆ 20ರಂದು ಬೆಂಗಳೂರಿನಲ್ಲಿ ಪಾಕಿಸ್ತಾನ. ಇವುಗಳಲ್ಲಿ ಮೂರು ಸೋತರೆ, ಗುಣವಾಗಿ ಬಂದ ಹೆಡ್ ಏನು ಮಾಡಬೇಕು? ಸ್ಪಿನ್ ದೇಶಕ್ಕೆ ಜಂಪಾ ಮತ್ತು ಮ್ಯಾಕ್ಸ್‌ವೆಲ್ ಇಬ್ಬರನ್ನೇ ನಂಬಿ ಬಂದು, ಹದಿನಾಲ್ಕು ಜನರಲ್ಲಿ ಅರ್ಧ ಟೂರ್ನಿ ಕಳೆಯುವುದು ಜೂಜು.


ಮಲೆನಾಡಿನ ಮಳೆ
ಅಕ್ಟೋಬರ್ 1, ಮಧ್ಯಾಹ್ನ 2.35

ಜೂಜು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಶಾನುಭೋಗರೇ. ಒಮ್ಮೆ ಬದಲಿ ಆಟಗಾರನನ್ನು ತೆಗೆದುಕೊಂಡರೆ ಹೆಡ್ ಅವರನ್ನು ಹಿಂದಕ್ಕೆ ಕರೆಸುವುದು ಸುಲಭವಲ್ಲ ಎಂಬುದನ್ನು ತಿಳಿದೇ ಆಡುತ್ತಿದ್ದಾರೆ.


ಆಲೂರು ದಾರಿ
ಅಕ್ಟೋಬರ್ 2, ಬೆಳಿಗ್ಗೆ 11.00

ದೊಡ್ಡ ತಂಡಗಳ ಚರ್ಚೆಯ ನಡುವೆ ನೆದರ್ಲೆಂಡ್ಸ್ ತಂಡವನ್ನು ಒಂದಿಷ್ಟು ನೋಡಿ. ಕಳೆದ ತಿಂಗಳು ಅವರು ಬೀಡುಬಿಟ್ಟದ್ದು ಬೆಂಗಳೂರಿನ ಹೊರವಲಯದ ಆಲೂರಿನ ಮೈದಾನದಲ್ಲಿ. ನೆಟ್ಸ್‌ನಲ್ಲಿ ಬೌಲ್ ಮಾಡಲು ಹುಡುಗರು ಬೇಕು ಎಂದು ಸಾಮಾಜಿಕ ಜಾಲತಾಣದಲ್ಲಿ ಜಾಹೀರಾತು ಕೊಟ್ಟು, ಬಂದ ಅರ್ಜಿಗಳಿಂದ ನಾಲ್ವರನ್ನು ಆರಿಸಿಕೊಂಡರು. ಅವರಲ್ಲೊಬ್ಬರು ಚೆನ್ನೈನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುವವರು. ಇಷ್ಟು ಸಿದ್ಧತೆಯನ್ನು ಎಷ್ಟು ದೊಡ್ಡ ತಂಡಗಳು ಮಾಡಿವೆ?

ನಾನು ಹೇಳುವ ಹೆಸರು ಬಾಸ್ ಡಿ ಲೀಡ್. ಜುಲೈ 6ರಂದು ಬುಲವಾಯೊದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಗೆದ್ದವರಿಗೆ ವಿಶ್ವಕಪ್ ಟಿಕೆಟ್ ಎಂಬ ಪಂದ್ಯ ಅದು. ಗೆದ್ದರೆ ಸಾಲದು, 278ರ ಗುರಿಯನ್ನು 44 ಓವರ್‌ಗಳೊಳಗೆ ಮುಟ್ಟಬೇಕಿತ್ತು. ಡಿ ಲೀಡ್ ಮೊದಲು 52 ರನ್ನಿಗೆ ಐದು ವಿಕೆಟ್ ಪಡೆದರು, ಅನಂತರ 92 ಎಸೆತಗಳಲ್ಲಿ 123 ಹೊಡೆದರು, 42.5 ಓವರ್‌ಗಳಲ್ಲಿ ಕೆಲಸ ಮುಗಿಯಿತು. ತಂದೆ ಟಿಮ್ ಡಿ ಲೀಡ್ ಅವರನ್ನು ನಮ್ಮ ವಯಸ್ಸಿನವರು ಬಲ್ಲರು. 2003ರ ವಿಶ್ವಕಪ್‌ನಲ್ಲಿ ಪಾರ್ಲ್‌ನಲ್ಲಿ ಸಚಿನ್, ದ್ರಾವಿಡ್ ಸೇರಿ ನಾಲ್ಕು ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದರೂ ಪಂದ್ಯಶ್ರೇಷ್ಠರಾದವರು. ಆ ದ್ರಾವಿಡ್ ಈಗ ಭಾರತದ ಕೋಚ್. ನವೆಂಬರ್ 12ರಂದು ಚಿನ್ನಸ್ವಾಮಿಯಲ್ಲಿ ಮಗ ಆಡುವುದನ್ನು ಡ್ರೆಸ್ಸಿಂಗ್ ಕೋಣೆಯಿಂದ ನೋಡಲಿದ್ದಾರೆ.

ಇದೇ ತಂಡದ ಲೋಗನ್ ವ್ಯಾನ್ ಬೀಕ್ ಬಗ್ಗೆ ಬರೆಯಹೊರಟರೆ ನಿಲ್ಲಿಸಲಾರೆ. ಅದೇ ಅರ್ಹತಾ ಟೂರ್ನಿಯಲ್ಲಿ ವೆಸ್ಟ್ ಇಂಡೀಸ್ 374 ಹೊಡೆದರೂ ಸರಿಗಟ್ಟಿ, ಸೂಪರ್ ಓವರ್‌ನಲ್ಲಿ ಜೇಸನ್ ಹೋಲ್ಡರ್‌ಗೆ ಮೂವತ್ತು ರನ್ ಚಚ್ಚಿ, ತಾವೇ ಬೌಲ್ ಮಾಡಿ ಗೆಲ್ಲಿಸಿದವರು. ವೆಸ್ಟ್ ಇಂಡೀಸ್ ಇಲ್ಲದ ಮೊದಲ ವಿಶ್ವಕಪ್ ಇದಾಗಿರುವುದರ ಹಿಂದೆ ಆ ಒಂದು ಓವರ್‌ನ ಪಾಲೂ ಇದೆ.


ಕಡಲ ಬದಿಯ ಕೀಪರ್
ಅಕ್ಟೋಬರ್ 2, ಮಧ್ಯಾಹ್ನ 3.15

ಸಣ್ಣ ತಂಡ ಎಂದೊಡನೆ ಚಿನ್ನಸ್ವಾಮಿಯ 2011ರ ಮಾರ್ಚ್ 2 ನೆನಪಾಗುತ್ತದೆ. ಇಂಗ್ಲೆಂಡ್ ವಿರುದ್ಧ ಐರ್ಲೆಂಡಿನ ಕೆವಿನ್ ಒ’ಬ್ರಿಯಾನ್ 50 ಎಸೆತಗಳಲ್ಲಿ ಶತಕ ಹೊಡೆದರು. ಅಂದಿನ ಯಾವ ಪಟ್ಟಿಯಲ್ಲಿಯೂ ಅವರ ಹೆಸರನ್ನು ನಾನು ಕಂಡಿರಲಿಲ್ಲ.


ಗಂಗೋತ್ರಿಯ ಮೆಟ್ಟಿಲು
ಅಕ್ಟೋಬರ್ 2, ಸಂಜೆ 6.20

2011ರ ಮಾತು ಬಂದದ್ದು ಒಳ್ಳೆಯದಾಯಿತು. ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 6ರಂದು, ಅದೇ ಮೈದಾನದಲ್ಲಿ ಯುವರಾಜ್ ಸಿಂಗ್ ಐರ್ಲೆಂಡ್ ವಿರುದ್ಧ 31 ರನ್ನಿಗೆ ಐದು ವಿಕೆಟ್ ಪಡೆದು, ಅಜೇಯ ಅರ್ಧಶತಕವನ್ನೂ ಹೊಡೆದರು. ವಿಶ್ವಕಪ್‌ನ ಒಂದೇ ಪಂದ್ಯದಲ್ಲಿ ಈ ಎರಡನ್ನೂ ಮಾಡಿದ ಮೊದಲಿಗರು ಅವರು. ಟೂರ್ನಿಯಲ್ಲಿ 362 ರನ್, ಹದಿನೈದು ವಿಕೆಟ್. ಹಿಂದಿನ ವರ್ಷವಷ್ಟೇ ತಂಡದಿಂದ ಕೈಬಿಟ್ಟಿದ್ದ ಆಟಗಾರ ಇಷ್ಟು ಮಾಡಿಯಾನೆಂದು ಯಾರೂ ಎಣಿಸಿರಲಿಲ್ಲ.

ಆದರೆ ಅಂಥ ಆಟಗಾರ ಈಗ ಭಾರತಕ್ಕೆ ಏಕೆ ಸಿಗುತ್ತಿಲ್ಲ ಎಂಬುದನ್ನು ಯೋಚಿಸಿ. 2011ರಲ್ಲಿ ಪವರ್‌ಪ್ಲೇ ಇಲ್ಲದ ಓವರ್‌ಗಳಲ್ಲಿ ಐವರು ಫೀಲ್ಡರ್‌ಗಳು ಬೌಂಡರಿಯಲ್ಲಿರಬಹುದಿತ್ತು; ಯುವರಾಜ್, ರೈನಾ, ಸೆಹ್ವಾಗ್, ಸಚಿನ್ ಅಂಥವರು ಬಂದು ನಾಲ್ಕೈದು ಓವರ್‌ಗಳನ್ನು ಸದ್ದಿಲ್ಲದೆ ದಾಟಿಸುತ್ತಿದ್ದರು. 2012ರ ಅಕ್ಟೋಬರ್‌ನಲ್ಲಿ ಅದನ್ನು ನಾಲ್ವರಿಗೆ ಇಳಿಸಿದರು. ಒಬ್ಬ ಫೀಲ್ಡರ್ ಒಳಕ್ಕೆ ಬಂದದ್ದೇ ತಡ, ಅರೆಕಾಲಿಕ ಬೌಲರ್‌ಗೆ ಅಡಗಿಕೊಳ್ಳಲು ಜಾಗವೇ ಇಲ್ಲದಂತಾಯಿತು. ಇಂದು ಭಾರತದ ಮೊದಲ ಐವರಲ್ಲಿ ನಂಬಿ ಚೆಂಡು ಕೊಡಬಹುದಾದವರು ಒಬ್ಬರೂ ಇಲ್ಲ. ಹಾರ್ದಿಕ್ ಪಾಂಡ್ಯ ತಮ್ಮ ಪಾಲಿನ ಓವರ್‌ಗಳನ್ನು ಹಾಕಿದರೆ ಮಾತ್ರ ಆರು ಬೌಲರ್‌ಗಳ ಲೆಕ್ಕ ಸರಿಹೋಗುತ್ತದೆ. ಅವರ ಬೆನ್ನೋ ಕಾಲೋ ಕೈಕೊಟ್ಟರೆ ಒಬ್ಬರ ಜಾಗಕ್ಕೆ ಇಬ್ಬರನ್ನು ಹುಡುಕಬೇಕಾಗುತ್ತದೆ. ಎರಡನೆಯ ಹೆಸರಿಗೆ ಅವಕಾಶವಿದ್ದಿದ್ದರೆ ನಾನು ಹಾರ್ದಿಕ್ ಎನ್ನುತ್ತಿದ್ದೆ.


ಮಲೆನಾಡಿನ ಮಳೆ
ಅಕ್ಟೋಬರ್ 2, ರಾತ್ರಿ 8.00

ಷರತ್ತು ಹಾಕಿದವರೇ ಎರಡನೆಯ ಹೆಸರನ್ನು ಹಿಂಬಾಗಿಲಿನಿಂದ ತಂದ ಮೇಲೆ ನಾನೂ ಒಂದು ಸೇರಿಸುತ್ತೇನೆ. ಶ್ರೀಲಂಕಾದ ದುನಿತ್ ವೆಲ್ಲಾಲಗೆ. ಇಪ್ಪತ್ತು ವರ್ಷದ ಎಡಗೈ ಸ್ಪಿನ್ನರ್. ಸೆಪ್ಟೆಂಬರ್ 12ರಂದು ಕೊಲಂಬೊದಲ್ಲಿ ಗಿಲ್, ರೋಹಿತ್, ಕೊಹ್ಲಿ, ರಾಹುಲ್, ಹಾರ್ದಿಕ್ ಐವರನ್ನೂ ಔಟ್ ಮಾಡಿ, ಬ್ಯಾಟಿಂಗ್‌ನಲ್ಲಿ ಅಜೇಯ 42 ಹೊಡೆದರು. ಭಾರತದ ಹತ್ತೂ ವಿಕೆಟ್ ಅಂದು ಸ್ಪಿನ್‌ಗೇ ಹೋದವು. ಮರುವಾರದ ಫೈನಲ್‌ನಲ್ಲಿ ಸಿರಾಜ್ 21 ರನ್ನಿಗೆ ಆರು ವಿಕೆಟ್ ಕಿತ್ತು ಶ್ರೀಲಂಕಾವನ್ನು ಐವತ್ತಕ್ಕೆ ಮುಗಿಸಿದ್ದರಿಂದ ಈ ಹುಡುಗನ ಆಟ ಜನರ ನೆನಪಿನಿಂದ ಅಳಿಸಿಹೋಯಿತು. ಹಸರಂಗ ಗಾಯಗೊಂಡು ಬಾರದಿರುವುದರಿಂದ ಹೊರೆ ಹೆಚ್ಚು.


ಬೆಳಗಾವಿಯ ಎಡಗೈ
ಅಕ್ಟೋಬರ್ 3, ಬೆಳಿಗ್ಗೆ 7.50

ಒಳ್ಳೆಯ ಆಯ್ಕೆ, ಮೇಡಂ. ನಾನು ಅಫ್ಗಾನಿಸ್ತಾನದ ರಹಮಾನುಲ್ಲಾ ಗುರ್ಬಾಜ್ ಹೆಸರು ಬರೆದಿಡುತ್ತೇನೆ. ಆಗಸ್ಟ್‌ನಲ್ಲಿ ಹಂಬನ್‌ತೋಟದಲ್ಲಿ ಪಾಕಿಸ್ತಾನದ ವೇಗಿಗಳ ಎದುರು 151 ಹೊಡೆದವರು. ಆ ತಂಡ ಎರಡು ವಿಶ್ವಕಪ್‌ಗಳ ಹದಿನೈದು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಈ ಸಲ ದೆಹಲಿ, ಚೆನ್ನೈಗಳಲ್ಲಿ ತಲಾ ಎರಡು ಪಂದ್ಯ ಸಿಕ್ಕಿವೆ. ರಶೀದ್, ಮುಜೀಬ್, ನಬಿ ಮೂವರಿಗೂ ಚೆಂಡು ಕೊಡುವ ಮೊದಲು ಬ್ಯಾಟರ್‌ಗಳು 250 ಕೂಡಿಸಿಟ್ಟರೆ ಸಾಕು.


ಸ್ಕೋರ್‌ಬುಕ್ ಶಾನುಭೋಗ
ಅಕ್ಟೋಬರ್ 4, ಸಂಜೆ 7.00

ನಿನ್ನೆ ತಿರುವನಂತಪುರದ ಪಂದ್ಯವೂ ಮಳೆಗೆ ಹೋದದ್ದರಿಂದ ಭಾರತ ಒಂದೂ ಅಭ್ಯಾಸ ಪಂದ್ಯ ಆಡದೆ ಚೆನ್ನೈಗೆ ಹೊರಟಿದೆ. ಹೀಗಾಗಿ ಗಿಲ್, ರಾಹುಲ್, ಕುಲದೀಪ್ ಮೂವರ ಬಗ್ಗೆಯೂ ಪೆನ್ಸಿಲಿನಲ್ಲಿ ಬರೆದುಕೊಳ್ಳಲು ನನಗೆ ಏನೂ ಸಿಕ್ಕಿಲ್ಲ. ಹೊಸ ಪುಸ್ತಕಕ್ಕೆ ಗೆರೆ ಎಳೆದಾಗಿದೆ. ನಾಳೆ ನ್ಯೂಜಿಲೆಂಡ್ ಪುಟದಲ್ಲಿ ಮೂರನೆಯ ಕ್ರಮಾಂಕವನ್ನು ಖಾಲಿ ಬಿಟ್ಟಿದ್ದೇನೆ, ಗಾಳಿಯವರೇ.


ವೆಲ್ಲಿಂಗ್ಟನ್ ಗಾಳಿ
ಅಕ್ಟೋಬರ್ 4, ಸಂಜೆ 7.25

ನಿಮಗೆ ಮಧ್ಯಾಹ್ನ ಎರಡು ಗಂಟೆ ಎಂದರೆ ನಮಗೆ ರಾತ್ರಿ ಒಂಬತ್ತೂವರೆ. ಶುಕ್ರವಾರ ಕೆಲಸಕ್ಕೆ ರಜೆ ಬರೆದುಕೊಟ್ಟಿದ್ದೇನೆ. ಇಂಗ್ಲೆಂಡ್ ಮೊದಲು ಬ್ಯಾಟ್ ಮಾಡಿದರೆ, ರಚಿನ್ ಆಡುವುದೇ ಆದರೆ, ಕ್ರೀಸಿಗೆ ಬರುವ ಹೊತ್ತಿಗೆ ಇಲ್ಲಿ ಬೆಳಗಿನ ಜಾವ ಎರಡು ಗಂಟೆಯಾಗಿರುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟುಕೊಂಡು ಕೂರುತ್ತೇನೆ. ಟಾಸ್ ಆದ ಕೂಡಲೇ ಹನ್ನೊಂದರ ಪಟ್ಟಿಯನ್ನು ಇಲ್ಲಿ ಹಾಕುತ್ತೇನೆ.